ಸಾಂಕ್ರಾಮಿಕ ಕಾಲದ ಗೃಹವಾಸವೂ ಶ್ರಾವಕನ ದೇಶಾವಕಾಶಿಕವೂ

ಯಲ್ಲಾಪುರದಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿಯು ಅರಬೈಲ್ ಘಟ್ಟದಲ್ಲಿ ತಿರುವು ತಿರುವಾಗಿ ಕರಾವಳಿಯ ಕಡೆಗೆ ಇಳಿಯುತ್ತದೆ. ಹೆದ್ದಾರಿಯಿಂದ ಕವಲೊಡೆದ ಮಣ್ಣಿನ ದಾರಿಗಳು ಕಣಿವೆಯ ಅಡಕೆ ತೋಟಗಳಲ್ಲಿ ಕೊನೆಗೊಳ್ಳುತ್ತವೆ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಒಂದು ಮನೆಯವರು ಕೂಗಿದರೆ ಇನ್ನೊಂದು ಮನೆಯವರಿಗೆ ಕೇಳಿಸುವುದೂ ಉಂಟು, ಕೇಳಿಸದಿರುವುದೂ ಉಂಟು. 2021ರ ಜುಲೈ ತಿಂಗಳ ಮಹಾಮಳೆಯಲ್ಲಿ ಈ ಘಟ್ಟದಲ್ಲಿಯೂ ಅದೇ ತಾಲೂಕಿನ ಕಳಚೆಯಲ್ಲಿಯೂ ಗುಡ್ಡಗಳು ಕುಸಿದು ದಾರಿ ಕಡಿದುಹೋದಾಗ ಇಲ್ಲಿಯ ಕುಟುಂಬಗಳು ಹೊರಲೋಕದಿಂದ ಬೇರ್ಪಟ್ಟವು. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ಇದೇ ಮನೆಗಳು ಇನ್ನೊಂದು ಬಗೆಯಲ್ಲಿ ಬೇರ್ಪಟ್ಟಿದ್ದವು. ಆಗ ದಾರಿ ಇತ್ತು, ನಡೆಯುವವರಿರಲಿಲ್ಲ. ಗುಡ್ಡ ಕುಸಿದು ಒಂಟಿಯಾದವನು ದುರ್ದೈವಿ; ಅವನಿಗೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ದಾರಿಯಿದ್ದೂ ನಡೆಯದೆ ಕುಳಿತವನ ವಿಷಯ ಹಾಗಲ್ಲ. ಅವನು ಏನನ್ನೋ ಮಾಡಿದನು. ಏನನ್ನು ಮಾಡಿದನೆಂಬುದೇ ಇಲ್ಲಿಯ ಪ್ರಶ್ನೆ.

ವಿಚಾರಕ್ಕೆ ಆಧಾರವಾಗಿ ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕಾಲ, 2020ರ ಜುಲೈ. ಬೆಂಗಳೂರಿನಲ್ಲಿ ಜುಲೈ 14ರಿಂದ ಮತ್ತೆ ಲಾಕ್‌ಡೌನ್ ಎಂಬ ಸುದ್ದಿ ಹರಡುತ್ತಲೇ ಸಾವಿರಾರು ಜನರು ಊರುಗಳಿಗೆ ಹೊರಟರು. ಹಾಗೆ ಹೊರಟವರಲ್ಲಿ ಒಬ್ಬ ಮಗನು ಅರಬೈಲಿನ ತನ್ನ ತೋಟದ ಮನೆಗೆ ಬಂದು ತಲುಪುತ್ತಾನೆ. ಮನೆ ಶ್ರಾವಕರದೆಂದೇ ಇರಲಿ. ಒಳಗೆ ಎಂಬತ್ತು ದಾಟಿದ ತಾಯಿಯಿದ್ದಾಳೆ. ತೋಟದಲ್ಲಿ ಕೊಳೆರೋಗ ಬರುವ ಕಾಲವಾದ್ದರಿಂದ ಮಳೆ ಬಿಡುವು ಕೊಟ್ಟ ದಿನ ಕೊನೆಗೌಡನು ಬಂದು ಮರವೇರಿ ಮದ್ದು ಹೊಡೆಯಬೇಕು. ಮಗನಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಕೈಯ ಮೇಲೆ ಸರಕಾರದ ಮುದ್ರೆಯಿಲ್ಲ. ಏಕೆಂದರೆ ಅವನು ಬಂದದ್ದು ಇದೇ ರಾಜ್ಯದ ರಾಜಧಾನಿಯಿಂದ, ಹೊರದೇಶದಿಂದಲ್ಲ. ಅವನು ಒಳಗೆ ಹೋಗಿ ತಾಯಿಯ ಪಾದ ಮುಟ್ಟಿ ನಮಸ್ಕರಿಸಿದರೆ ಯಾರೂ ದೂರು ಕೊಡುವುದಿಲ್ಲ. ಆದರೆ ಅವನು ಹೊರಜಗಲಿಯಲ್ಲಿಯೇ ನಿಂತು, ಹದಿನಾಲ್ಕು ದಿನ ತಾನು ಮಾಳಿಗೆಯ ಕೋಣೆಯಲ್ಲಿರುವುದಾಗಿ ಹೇಳುತ್ತಾನೆ. ತಾಯಿಗೆ ಇದು ಅರ್ಥವಾಗದಿರಬಹುದು. ಮಗನು ಮನೆಗೆ ಬಂದು ಪರಕೀಯನಂತೆ ನಿಂತನೆಂದು ಅವಳು ಕಣ್ಣೀರಿಡಲೂಬಹುದು.

ಅವನು ಮಾಡಿದ್ದು ಭಯದ ಕೆಲಸವೇ, ವಿಧೇಯತೆಯೇ, ಧರ್ಮವೇ? ಹೊರಗಿನಿಂದ ನೋಡಿದರೆ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಬಾಗಿಲು ಮುಚ್ಚಿದೆ, ಒಳಗೊಬ್ಬನು ಕುಳಿತಿದ್ದಾನೆ.

ಅಂದು ಆಷಾಢ ಕಳೆಯುತ್ತಿದ್ದ ಕಾಲ. ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸಿ ಒಂದೆಡೆ ನಿಂತ ಕಾಲ. ಚಾತುರ್ಮಾಸದಲ್ಲಿ ಮುನಿಗಳು ವಿಹರಿಸದಿರುವುದು ಮಳೆಯಲ್ಲಿ ನೆನೆಯುವ ಅಂಜಿಕೆಯಿಂದಲ್ಲ. ಮಳೆಗಾಲದಲ್ಲಿ ನೆಲವೆಲ್ಲ ಸೂಕ್ಷ್ಮ ಜೀವಿಗಳಿಂದಲೂ ಮೊಳಕೆಗಳಿಂದಲೂ ತುಂಬಿರುವುದರಿಂದ, ಎಷ್ಟು ಎಚ್ಚರದಿಂದ ಹೆಜ್ಜೆಯಿಟ್ಟರೂ ಹಿಂಸೆ ತಪ್ಪದೆಂಬ ಅರಿವಿನಿಂದ ಅವರು ಹೆಜ್ಜೆಯನ್ನೇ ನಿಲ್ಲಿಸುತ್ತಾರೆ. ಈರ್ಯಾಸಮಿತಿಯೆಂದರೆ ನೋಡಿ ನಡೆಯುವುದು. ನೋಡಿದರೂ ಕಾಣದಷ್ಟು ಜೀವರಾಶಿಯಿರುವಾಗ ನಡೆಯದಿರುವುದು ಅದರ ಮುಂದಿನ ಮೆಟ್ಟಿಲು. ಕಣ್ಣಿಗೆ ಕಾಣದ ಒಂದು ಕಣವು ಉಸಿರಿನ ಮೂಲಕ ಒಬ್ಬನಿಂದ ಇನ್ನೊಬ್ಬನಿಗೆ ಹೋಗುವ ಕಾಲದಲ್ಲಿ ಗೃಹಸ್ಥನು ಮನೆಯಲ್ಲಿ ನಿಲ್ಲುವುದಕ್ಕೂ ಇದಕ್ಕೂ ಹೋಲಿಕೆ ಸ್ಪಷ್ಟವಾಗಿದೆ. ವ್ಯತ್ಯಾಸವೂ ಇದೆ. ಮುನಿಯು ರಕ್ಷಿಸುವುದು ಎದುರಿನ ಸೂಕ್ಷ್ಮಜೀವಿಯನ್ನು. ಇಲ್ಲಿ ಸೂಕ್ಷ್ಮ ಕಣವನ್ನು ಹೊತ್ತವನೇ ತನ್ನಿಂದ ಎದುರಿನ ಮನುಷ್ಯನನ್ನು ರಕ್ಷಿಸಬೇಕಾಗಿದೆ. ಸ್ಥಾನಕವಾಸಿ ಸಾಧುಗಳ ಮುಖಪಟ್ಟಿಯನ್ನೂ ಕೊರೊನಾ ಕಾಲದ ಮಾಸ್ಕನ್ನೂ ಒಂದೇ ಎಂದು ಆಗ ಅನೇಕರು ಹೆಮ್ಮೆಪಟ್ಟರು. ಎರಡರ ಉದ್ದೇಶ ಬೇರೆಯೆಂಬುದನ್ನು ಮರೆತು ಪಡುವ ಹೆಮ್ಮೆಯಿಂದ ಧರ್ಮಕ್ಕೆ ಲಾಭವೇನೂ ಇಲ್ಲ.

ಗೃಹಸ್ಥನಿಗೆ ಇನ್ನೂ ಸಮೀಪವಾದ ಮಾದರಿಯು ಶ್ರಾವಕಾಚಾರದಲ್ಲಿಯೇ ಇದೆ. ದಿಗ್ವ್ರತದಲ್ಲಿ ಶ್ರಾವಕನು ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ಜೀವನಪರ್ಯಂತದ ಮೇರೆಯನ್ನು ಹಾಕಿಕೊಳ್ಳುತ್ತಾನೆ. ಆ ಮೇರೆಯೊಳಗೆ ಮತ್ತೆ ಕಾಲವನ್ನು ಗೊತ್ತುಮಾಡಿಕೊಂಡು ಇನ್ನೂ ಚಿಕ್ಕ ಮೇರೆಯನ್ನು ಹಾಕಿಕೊಳ್ಳುವುದೇ ದೇಶಾವಕಾಶಿಕ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಎಲ್ಲೆಗಳನ್ನು ಹೇಳುವಾಗ ಮನೆ, ಊರು, ಹೊಲ, ನದಿ, ಕಾಡು ಇವುಗಳನ್ನು ಹೆಸರಿಸುತ್ತಾರೆ. ಕಾಲದ ಅವಧಿಗಳನ್ನು ಹೇಳುವಾಗ ವರ್ಷ, ಋತು, ತಿಂಗಳು, ಚಾತುರ್ಮಾಸಗಳ ಜೊತೆಗೆ ಪಕ್ಷವನ್ನೂ ಎಣಿಸುತ್ತಾರೆ. ಮನೆಯೇ ಮೇರೆ, ಪಕ್ಷವೇ ಅವಧಿ ಎಂಬ ನಿಯಮವು ಹೀಗೆ ಶ್ರಾವಕರಿಗೆ ಶತಮಾನಗಳಿಂದ ಪರಿಚಿತವಾದುದು. 2020ರಲ್ಲಿ ಹದಿನಾಲ್ಕು ದಿನಗಳೆಂದು ಗೊತ್ತುಮಾಡಿದ್ದಕ್ಕೆ ಕಾರಣ ಬೇರೆ: ವೈರಸ್ಸು ದೇಹವನ್ನು ಹೊಕ್ಕಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದಾರು ದಿನಗಳೂ ಹೆಚ್ಚೆಂದರೆ ಹದಿನಾಲ್ಕು ದಿನಗಳಷ್ಟೂ ಬೇಕಾಗುತ್ತವೆ ಎಂಬ ವೈದ್ಯರ ಲೆಕ್ಕ. ಯುರೋಪಿನವರು ಹಿಂದೆ ಹಡಗುಗಳನ್ನು ಬಂದರಿನ ಹೊರಗೆ ನಿಲ್ಲಿಸುವಾಗ ರಗೂಸ ನಗರದಲ್ಲಿ 1377ರಲ್ಲಿ ಮೂವತ್ತು ದಿನಗಳನ್ನೂ, ಆಮೇಲೆ ವೆನಿಸ್ಸಿನಲ್ಲಿ ನಲವತ್ತು ದಿನಗಳನ್ನೂ ಇಟ್ಟಿದ್ದರು. ಕ್ವಾರಂಟೈನ್ ಎಂಬ ಶಬ್ದವು ಆ ನಲವತ್ತರಿಂದ ಹುಟ್ಟಿತು. ಆ ಹಡಗುಗಳನ್ನು ನಿಲ್ಲಿಸಿದ್ದು ಬಂದರಿನ ಅಧಿಕಾರಿಗಳು. ದೇಶಾವಕಾಶಿಕದಲ್ಲಿ ನಿಲ್ಲಿಸುವವನೂ ನಿಲ್ಲುವವನೂ ಒಬ್ಬನೇ.

ಇಲ್ಲಿ ಒಂದು ಆಕ್ಷೇಪವನ್ನು ತಪ್ಪದೆ ಎದುರಿಸಬೇಕು. ದೇಶಾವಕಾಶಿಕವು ಆತ್ಮಶುದ್ಧಿಗಾಗಿ ಇರುವ ವ್ರತ. ರೋಗದ ಕಾಲದ ಗೃಹವಾಸವು ಪ್ರಾಣದ ಮೇಲಿನ ಆಸೆಯಿಂದ ಹುಟ್ಟಿದ್ದು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಸಮ್ಯಗ್ದೃಷ್ಟಿಯು ಏಳು ಭಯಗಳಿಂದ ದೂರನೆಂದು ಶಾಸ್ತ್ರ ಹೇಳುತ್ತದೆ, ಅವುಗಳಲ್ಲಿ ಮರಣಭಯವೂ ವೇದನಾಭಯವೂ ಸೇರಿವೆ. ದಿನವಿಡೀ ದೂರದರ್ಶನದ ಮುಂದೆ ಕುಳಿತು ಸತ್ತವರ ಸಂಖ್ಯೆಯನ್ನು ಎಣಿಸುತ್ತ, ಬಾಗಿಲಿಗೆ ಬಂದವನನ್ನು ಕಂಡರೆ ಗದರಿಸುತ್ತ ಇಪ್ಪತ್ತೊಂದು ದಿನ ಒಳಗಿದ್ದವನು ವ್ರತಿಯಾಗಲಾರ. ಅವನ ಕಾಯವು ನಿಂತಿತ್ತು, ಮನಸ್ಸು ನಿಂತಿರಲಿಲ್ಲ. ಆದರೂ ಅವನಿಂದ ನೆರೆಮನೆಯವನಿಗೆ ರೋಗ ತಗಲಲಿಲ್ಲವೆಂಬುದು ನಿಜ. ಆ ನೆರೆಮನೆಯವನ ದೃಷ್ಟಿಯಿಂದ ನೋಡಿದರೆ ಭಯದಿಂದ ಮುಚ್ಚಿದ ಬಾಗಿಲೂ ಕರುಣೆಯಿಂದ ಮುಚ್ಚಿದ ಬಾಗಿಲೂ ಸಮಾನ ಉಪಕಾರಿಗಳೇ. ಸಮಾಜಕ್ಕೆ ಕ್ರಿಯೆ ಸಾಕು, ಆತ್ಮಕ್ಕೆ ಭಾವ ಬೇಕು. ಸರಕಾರವು ಕ್ರಿಯೆಯನ್ನು ಮಾತ್ರ ಕೇಳಿತು, ಕೇಳಬೇಕಾದದ್ದೂ ಅಷ್ಟೇ. ಶ್ರಾವಕನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಮಾಳಿಗೆಯ ಕೋಣೆಯಲ್ಲಿ ಕುಳಿತ ಮಗನು ತನ್ನ ಪ್ರಾಣಕ್ಕಾಗಿ ಅಲ್ಲಿ ಕುಳಿತಿಲ್ಲ. ಅವನಿಗೆ ಬರುವ ರೋಗ ಬಂದಾಗಿರಬಹುದು. ಅವನು ಕುಳಿತಿರುವುದು ತಾಯಿಗಾಗಿ, ಕೊನೆಗೌಡನಿಗಾಗಿ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅವನು ಕೊಡುತ್ತಿರುವುದು ಅಭಯದಾನ. ಇಷ್ಟು ಕಡಿಮೆ ಖರ್ಚಿನ ಅಭಯದಾನವು ಬೇರೊಂದಿಲ್ಲ, ಆದರೂ ಇದನ್ನು ದಾನವೆಂದು ಯಾರೂ ಫಲಕದ ಮೇಲೆ ಬರೆಸುವುದಿಲ್ಲ.

ಇನ್ನು ಹಿಂಸೆಯ ಲಕ್ಷಣದ ಮಾತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪ್ರಾಣಕ್ಕೆ ಹಾನಿಯಾಗುವುದಷ್ಟನ್ನೇ ಹಿಂಸೆಯೆನ್ನದೆ, ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಮೂಲಕ ಆಗುವ ಹಾನಿಯನ್ನು ಹಿಂಸೆಯೆಂದರು. ಅಮೃತಚಂದ್ರಸೂರಿಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿ, ಎಚ್ಚರಗೇಡಿಯಾಗಿ ನಡೆದವನಿಗೆ ಎದುರಿನ ಜೀವ ಸಾಯಲಿ ಬಿಡಲಿ ಹಿಂಸೆಯು ಮೊದಲೇ ಅಂಟಿಕೊಂಡಿರುತ್ತದೆ ಎಂದು ನಿರೂಪಿಸಿದರು. ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಹಠಾತ್ತಾಗಿ ಬಂದು ಸತ್ತ ಹುಳುವಿನ ನಿಮಿತ್ತ ಅವನಿಗೆ ಬಂಧವಿಲ್ಲ ಎಂಬ ದೃಷ್ಟಾಂತವೂ ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ಓದಿದವರಿಗೆ ಗೊತ್ತಿದೆ. ಈ ಎರಡು ಮಾತುಗಳು ಸಾಂಕ್ರಾಮಿಕದ ನೈತಿಕ ಸಮಸ್ಯೆಯನ್ನು ಆಶ್ಚರ್ಯಕರವಾಗಿ ಬಿಡಿಸುತ್ತವೆ. ಬೆಂಗಳೂರಿನಿಂದ ಬಂದವನು ಮುನ್ನೆಚ್ಚರಿಕೆಯಿಲ್ಲದೆ ಹತ್ತು ಮನೆ ಸುತ್ತಿದನು, ಆದರೆ ಅವನಿಗೆ ಸೋಂಕು ಇರಲೇ ಇಲ್ಲ ಎನ್ನೋಣ. ಯಾರಿಗೂ ಏನೂ ಆಗಲಿಲ್ಲ, ‘ನೋಡಿದಿರಾ, ಏನಾಯಿತು?’ ಎಂದು ಅವನು ನಗಬಹುದು. ಆಗದಿದ್ದದ್ದು ಅವನ ಗುಣವಲ್ಲ. ಇನ್ನೊಬ್ಬನು ಕೋಣೆಯಲ್ಲಿಯೇ ಇದ್ದು, ತಟ್ಟೆ ಲೋಟ ಬೇರೆಯಿಟ್ಟು, ಮೂಗು ಬಾಯಿ ಮುಚ್ಚಿಕೊಂಡಿದ್ದರೂ ಹೇಗೋ ತಾಯಿಗೆ ರೋಗ ತಗುಲಿತು ಎನ್ನೋಣ. ಅವನ ದುಃಖಕ್ಕೆ ಮಿತಿಯಿರಲಾರದು. 2020 ಮತ್ತು 2021ರಲ್ಲಿ ಎಷ್ಟೋ ಮಕ್ಕಳು ತಾವೇ ಹೆತ್ತವರನ್ನು ಕೊಂದೆವೆಂಬ ಭಾವನೆಯನ್ನು ಹೊತ್ತುಕೊಂಡರು. ಅಂಥವರಿಗೆ ಪೂಜ್ಯಪಾದರ ಮುನಿಯ ದೃಷ್ಟಾಂತಕ್ಕಿಂತ ಹಿತವಾದ ಔಷಧವು ಬೇರೊಂದು ಸಿಗಲಾರದು.

ಆದರೆ ಆ ಔಷಧವನ್ನು ಎಲ್ಲರೂ ಕುಡಿಯುವಂತಿಲ್ಲ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಯಾವಾಗ ನಿರ್ದೋಷ, ಯಾವಾಗ ಪ್ರಮಾದ ಎಂಬುದನ್ನು ತಿಳಿಯಬೇಕು. ರೋಗಲಕ್ಷಣಗಳಿಲ್ಲದವನಿಂದಲೂ ಈ ಸೋಂಕು ಹರಡುತ್ತದೆಂಬುದು 2020ರ ಮಾರ್ಚ್ ಮೊದಲ ವಾರದಲ್ಲಿ ಹಳ್ಳಿಯ ಮನುಷ್ಯನಿಗೆ ತಿಳಿದಿರಲಿಲ್ಲ. ಮಾರ್ಚ್ 12ರಂದು ಕಲಬುರಗಿಯ ವೃದ್ಧರೊಬ್ಬರ ಮರಣವು ದೇಶದ ಮೊದಲ ಕೋವಿಡ್ ಮರಣವೆಂದು ದೃಢಪಟ್ಟಾಗಲೂ ಜನರಿಗೆ ತಿಳಿದದ್ದು ಅಲ್ಪವೇ. ಜುಲೈ ಹೊತ್ತಿಗೆ ಅದು ಕಿರಾಣಿ ಅಂಗಡಿಯಲ್ಲಿಯೂ ಮಾತಾಡುವ ವಿಷಯವಾಗಿತ್ತು. ಅದೇ ಕೃತ್ಯವು ಮಾರ್ಚಿನಲ್ಲಿ ಅಜ್ಞಾನ, ಜುಲೈಯಲ್ಲಿ ಪ್ರಮಾದ.

ಜ್ಞಾನದ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸಲೇಬೇಕು. ಮನೆಯಲ್ಲಿರುವುದು ತಾನಾಗಿ ಪುಣ್ಯದ ಕೆಲಸವಲ್ಲ. 1898ರಲ್ಲಿ ಹುಬ್ಬಳ್ಳಿಗೂ ಬೆಂಗಳೂರಿಗೂ ಪ್ಲೇಗು ಬಂದಾಗ ಜನರು ಮನೆಗಳನ್ನು ಬಿಟ್ಟು ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿಯ ಮೈಯ ಚಿಗಟದಿಂದ ಹರಡುವ ಆ ರೋಗಕ್ಕೆ ಮನೆ ಬಿಡುವುದೇ ಸರಿಯಾದ ಮಾರ್ಗವಾಗಿತ್ತು. ಒಳಗೆ ಕುಳಿತವನು ಇಲಿಗಳ ಜೊತೆಗೆ ಕುಳಿತಂತಾಗುತ್ತಿತ್ತು. ಸಿದ್ದಾಪುರ, ಶಿರಸಿ ಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ವೈರಸ್ಸು ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅದು ಮತ್ತೆ ತಲೆಯೆತ್ತಿ ಜೀವಗಳನ್ನು ತೆಗೆದುಕೊಂಡಿತು. ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವಲ್ಲ. ಅಲ್ಲಿ ಬೇಕಾದ ಸಂಯಮವು ಸೊಪ್ಪು, ದರಕುಗಳಿಗೆ ಕಾಡಿಗೆ ಹೋಗದಿರುವುದು, ಹೋಗಲೇಬೇಕಾದರೆ ಮೈಗೆ ಎಣ್ಣೆ ಸವರಿಕೊಂಡು ಹೋಗುವುದು. ಅದರ ರೋಗಿಯ ಮನೆಗೆ ಹೋಗದಿರುವುದು, ಆ ಮನೆಯ ಮಕ್ಕಳನ್ನು ದೂರವಿಡುವುದು ಇವು ಸಂಯಮವಲ್ಲ, ಶುದ್ಧ ಕ್ರೌರ್ಯ. ಕೊರೊನಾ ಕಾಲದಲ್ಲಿ ದೂರವಿದ್ದು ಧರ್ಮವನ್ನು ಪಾಲಿಸಿದೆನೆಂದು ಹೇಳುವವನು ಮಂಗನ ಕಾಯಿಲೆಯ ಕಾಲದಲ್ಲಿಯೂ ಅದೇ ರೀತಿ ದೂರವಿದ್ದರೆ, ಅವನು ಮೊದಲು ಮಾಡಿದ್ದೂ ಧರ್ಮವಾಗಿರಲಿಲ್ಲವೆಂದು ಸಂಶಯಪಡಲು ಆಸ್ಪದವಿದೆ. ರೋಗದ ದಾರಿಯನ್ನು ತಿಳಿಯದೆ ಕರುಣೆಯು ತನ್ನ ದಾರಿಯನ್ನು ಕಾಣಲಾರದು.

ಮೈಲಿಗೆಯ ಕಲ್ಪನೆಯೂ ಇಲ್ಲಿಗೆ ನುಸುಳದಂತೆ ನೋಡಿಕೊಳ್ಳಬೇಕಾಗಿದೆ. ಜನನ ಮರಣಗಳ ಸೂತಕವನ್ನು ಪಾಲಿಸಿ ಬೆಳೆದ ಕುಟುಂಬಗಳಿಗೆ ಬೇರೆ ಕೂರುವುದೆಂದರೆ ಅಶುಚಿಯ ನೆನಪು ಬರುವುದು ಸಹಜ. ಸೋಂಕಿತನು ಅಶುಚಿಯಲ್ಲ. ಹದಿನಾಲ್ಕು ದಿನ ಕಳೆದ ಮೇಲೂ ಅವನ ತಟ್ಟೆಯನ್ನು ಬೇರೆಯಿಡುವ ಮನೆಗಳಲ್ಲಿ ಉಳಿದಿದ್ದದ್ದು ವೈದ್ಯಶಾಸ್ತ್ರವಲ್ಲ, ಜುಗುಪ್ಸೆ.

ಈಗ ಅತ್ಯಂತ ಕಠಿಣವಾದ ಭಾಗ. ದೇಶಾವಕಾಶಿಕಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇರೆಯ ಹೊರಗಿನಿಂದ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಹೊರಗೆ ಸೇವಕನನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ, ಕೂಗಿ ಹೊರಗಿನವನಿಗೆ ಸಂಕೇತ ಕೊಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಗಮನ ಸೆಳೆಯುವುದು ರೂಪಾನುಪಾತ. ಕಲ್ಲು ಮುಂತಾದುವನ್ನು ಎಸೆಯುವುದು ಪುದ್ಗಲಕ್ಷೇಪ. ಹಿಂದೆ ಇವನ್ನು ಓದುವವರಿಗೆ ಇಷ್ಟು ಸಣ್ಣ ಕುಯುಕ್ತಿಗಳನ್ನೂ ಆಚಾರ್ಯರು ಏಕೆ ಎಣಿಸಿದರೆಂಬ ಬೆರಗಾಗುತ್ತಿತ್ತು. 2020ರ ಅನುಭವದ ನಂತರ ಬೆರಗಿಗೆ ಕಾರಣವುಳಿದಿಲ್ಲ. ನಗರದ ಲಕ್ಷಾಂತರ ಜನರು ತಾವು ಹೊರಗೆ ಕಾಲಿಡಲಿಲ್ಲವೆಂದು ಹೇಳಿಕೊಂಡರು. ಅವರ ಹಾಲು, ತರಕಾರಿ, ಔಷಧ, ಕೊನೆಗೆ ಸಿಹಿತಿಂಡಿ ಕೂಡ ಇನ್ನೊಬ್ಬನ ಕಾಲಿನ ಮೇಲೆ ಬಂದವು. ತನ್ನ ಅಪಾಯವನ್ನು ಕೂಲಿ ಕೊಟ್ಟು ಇನ್ನೊಬ್ಬನ ಮೈಮೇಲೆ ದಾಟಿಸಿ ಮೇರೆಯೊಳಗೆ ಕುಳಿತವನಿಗೆ ಆಚಾರ್ಯರು ಶತಮಾನಗಳ ಹಿಂದೆಯೇ ಹೆಸರಿಟ್ಟಿದ್ದಾರೆ.

ಹಾಗೆಂದು ಎಲ್ಲ ತರಿಸುವಿಕೆಯೂ ದೋಷವೆಂದರೆ ಮಾತು ಅತಿಯಾಗುತ್ತದೆ. ಮಾಳಿಗೆಯ ಮೇಲಿರುವ ಮಗನಿಗೆ ಯಾರಾದರೂ ಅನ್ನವನ್ನು ತಂದಿಡಲೇಬೇಕು. ಅವನೇ ಅಡಿಗೆಮನೆಗೆ ಬಂದರೆ ನಿಯಮದ ಉದ್ದೇಶವೇ ಕೆಡುತ್ತದೆ. ಅಪಾಯವು ತನ್ನಿಂದ ಹೊರಗೆ ಹೋಗಬಹುದಾದಾಗ ತರಿಸಿಕೊಳ್ಳುವುದು ದೋಷವಲ್ಲ, ತಂದವನನ್ನು ದೂರದಲ್ಲಿಯೇ ನಿಲ್ಲಿಸಿದರೆ ಸಾಕು. ಅಪಾಯವು ಹೊರಗಿದ್ದು ತಾನು ಸುಖವಾಗಿರಲು ಇನ್ನೊಬ್ಬನನ್ನು ಅದರೊಳಗೆ ಕಳುಹಿಸಿದರೆ ಮಾತ್ರ ಅದು ಪ್ರೇಷ್ಯಪ್ರಯೋಗ. ಕೊನೆಗೌಡನ ಪ್ರಸಂಗವು ಇವೆರಡರ ನಡುವೆ ನಿಲ್ಲುತ್ತದೆ. ಮದ್ದು ಹೊಡೆಯದಿದ್ದರೆ ಕೊಳೆ ತಗಲಿ ವರ್ಷದ ಬೆಳೆ ನೆಲಕ್ಕೆ ಬೀಳುತ್ತದೆ. ಬೆಳೆ ಹೋದರೆ ಮನೆಯವರಿಗೂ ನಷ್ಟ, ಕೊನೆಗೌಡನ ಕೂಲಿಗೂ ನಷ್ಟ. ಅವನು ಮರದ ಮೇಲಿದ್ದು ಕೆಲಸ ಮಾಡುವವನು, ಬಯಲಿನ ಗಾಳಿಯಲ್ಲಿರುವವನು. ಮನೆಯ ಮಗನು ಆ ದಿನ ತೋಟಕ್ಕೆ ಇಳಿಯದಿದ್ದರೆ ಅವನಿಗೆ ಅಪಾಯ ಹೆಚ್ಚಿಲ್ಲ. ಆದರೆ ಒಂದು ಮಾತನ್ನು ಅವನಿಗೆ ಮೊದಲೇ ಹೇಳಿಕಳುಹಿಸಬೇಕು: ಬೆಂಗಳೂರಿನಿಂದ ಮಗನು ಬಂದಿದ್ದಾನೆ, ಮಾಳಿಗೆಯಲ್ಲಿದ್ದಾನೆ, ಬರುವುದು ಬಿಡುವುದು ನಿನ್ನ ಇಚ್ಛೆ. ಬರದಿದ್ದರೆ ಮುಂದಿನ ವರ್ಷ ಬೇರೆಯವನನ್ನು ಕರೆಯುವುದಿಲ್ಲವೆಂಬುದನ್ನೂ ಜೊತೆಗೆ ಹೇಳದಿದ್ದರೆ ಆ ಇಚ್ಛೆಗೆ ಅರ್ಥವಿಲ್ಲ. ಇದನ್ನು ಹೇಳುವುದರಲ್ಲಿಯೇ ಎಷ್ಟೋ ಸಜ್ಜನರು ಸೋತರು. ಕೆಲಸ ಕೆಡುತ್ತದೆಂದು ಸುಮ್ಮನಿದ್ದರು.

ಸುಮ್ಮನಿರುವುದು ಸತ್ಯವ್ರತದ ಪ್ರಶ್ನೆ, ಹೆಚ್ಚು ಹೇಳುವುದೂ ಸತ್ಯವ್ರತದ ಪ್ರಶ್ನೆಯೇ. 2020ರ ಮಾರ್ಚಿನಲ್ಲಿ ಹೊರದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆಯನ್ನು ಒತ್ತಲಾಯಿತು. ಬೆಂಗಳೂರಿನಲ್ಲಿ ಗೃಹಬಂಧನದಲ್ಲಿರುವವರ ವಿಳಾಸಗಳನ್ನು ಸರಕಾರವೇ ಪ್ರಕಟಿಸಿತು. ‘ಕ್ವಾರಂಟೈನ್ ವಾಚ್’ ಎಂಬ ಮೊಬೈಲ್ ತಂತ್ರಾಂಶದ ಮೂಲಕ ಹಗಲಿನಲ್ಲಿ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಕಳುಹಿಸಬೇಕೆಂದು ಆಜ್ಞೆಯಾಯಿತು. ಜಿಲ್ಲೆಯ ಮೊದಲ ಪ್ರಕರಣಗಳು ಭಟ್ಕಳದಲ್ಲಿ ಕಂಡುಬಂದ ಕಾರಣಕ್ಕೆ ಆ ಊರಿನ ಹೆಸರು ಹೇಳಿದರೆ ಸಾಕು, ಜನ ಸರಿದು ನಿಲ್ಲುವಂತಾಯಿತು. ವಿಳಾಸಗಳು ಸುಳ್ಳಾಗಿರಲಿಲ್ಲ. ಆದರೆ ಆಪತ್ತಿಗೆ ಕಾರಣವಾಗುವ ಸತ್ಯವನ್ನೂ ಸತ್ಯಾಣುವ್ರತಿಯು ಆಡಬಾರದೆಂದು ಸಮಂತಭದ್ರರ ಅಭಿಪ್ರಾಯ. ಇನ್ನೊಬ್ಬರ ಗೋಪ್ಯವನ್ನು ಬಯಲಿಗಿಡುವ ರಹೋಭ್ಯಾಖ್ಯಾನವು ಆ ವ್ರತದ ಅತಿಚಾರಗಳಲ್ಲಿ ಒಂದು. ಆಶಾ ಕಾರ್ಯಕರ್ತೆಗೆ ಹೇಳದೆ ಮುಚ್ಚಿಟ್ಟವನೂ ತಪ್ಪಿದನು, ಬೀದಿಗೆಲ್ಲ ಸಾರಿದವನೂ ತಪ್ಪಿದನು. ತಿಳಿದರೆ ಯಾರಿಗೆ ರಕ್ಷಣೆ ಸಿಗುವುದೋ ಅವರಿಗೆ ಹೇಳುವುದು ಸತ್ಯ. ಕೊನೆಗೌಡನು ಅಂಥವರಲ್ಲಿ ಒಬ್ಬನು. ಕೈಯ ಮುದ್ರೆಯ ವಿಷಯದಲ್ಲಿ ಇಷ್ಟು ಹೇಳಬಹುದು: ತಾನಾಗಿ ನಿಲ್ಲುವವರು ಸಾಕಷ್ಟಿದ್ದರೆ ರಾಜ್ಯಕ್ಕೆ ಶಾಯಿ ಬೇಕಾಗುತ್ತಿರಲಿಲ್ಲ.

ತನ್ನ ಬಾಗಿಲನ್ನು ಮುಚ್ಚಿಕೊಳ್ಳುವುದು ಬೇರೆ, ಇನ್ನೊಬ್ಬನ ದಾರಿಯನ್ನು ಮುಚ್ಚುವುದು ಬೇರೆ. ಅದೇ ಮಾರ್ಚಿನಲ್ಲಿ ಕಾಸರಗೋಡಿನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ವಾಹನಗಳನ್ನು ತಡೆದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಅಲ್ಲಿಯ ಕನ್ನಡ, ತುಳು, ಮಲಯಾಳ ಭಾಷಿಕ ರೋಗಿಗಳು ಸಂಕಟಕ್ಕೆ ಸಿಲುಕಿದರು. ಚಿಕಿತ್ಸೆ ಸಿಗದೆ ಮರಣಗಳೂ ಆದವು. ವಿಷಯವು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ದೇಶಾವಕಾಶಿಕದ ಮೇರೆಯು ಒಳಗಿನವನ ಕಾಲನ್ನು ಕಟ್ಟುತ್ತದೆ, ಹೊರಗಿನವನ ಕಾಲನ್ನಲ್ಲ.

ದೂರವಿರುವುದೇ ಧರ್ಮವಾದರೆ ಹತ್ತಿರ ಹೋಗುವ ಧರ್ಮದ ಗತಿಯೇನು? ಜೈನ ಕುಟುಂಬಗಳನ್ನು ಆ ಎರಡು ವರ್ಷಗಳಲ್ಲಿ ಹೆಚ್ಚಾಗಿ ಕಾಡಿದ್ದು ಈ ಪ್ರಶ್ನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ವಾಂತಿ ಮಾಡಿಕೊಂಡಾಗಲೂ ಅಸಹ್ಯಪಡದೆ ಸೇವೆಗೈದ ಉದ್ದಾಯನ ಮಹಾರಾಜನ ಕಥೆಯನ್ನು ಎಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಹಾಸಿಗೆ ಹಿಡಿದ ಹಿರಿಯರ ಬಳಿ ಕುಳಿತು ಕಿವಿಯಲ್ಲಿ ಣಮೋಕಾರವನ್ನು ಹೇಳುವುದು ಮಕ್ಕಳ ಕೊನೆಯ ಸೇವೆ. 2020-21ರಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ತೀರಿಕೊಂಡ ಎಷ್ಟೋ ಜನರಿಗೆ ಆ ಸೇವೆ ದೊರೆಯಲಿಲ್ಲ. ಕೆಲವರಿಗೆ ದಾದಿಯರು ಫೋನನ್ನು ಕಿವಿಯ ಹತ್ತಿರ ಹಿಡಿದರು. ಅದು ಸಾಕಾಯಿತೇ ಎಂದು ಉಳಿದವರು ಇಂದಿಗೂ ಕೇಳಿಕೊಳ್ಳುತ್ತಾರೆ. ಕಿವಿಗೆ ಬಿದ್ದ ಶಬ್ದಕ್ಕೆ ತಂತಿಯ ದೂರ ತಿಳಿಯುವುದಿಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಕೈಹಿಡಿಯಲಾಗದ ನಷ್ಟವನ್ನು ನಷ್ಟವಲ್ಲವೆನ್ನುವುದು ಅಪ್ರಾಮಾಣಿಕ.

ಸಮಂತಭದ್ರರ ಗ್ರಂಥದ ಒಂದು ವಿವರವು ಇಲ್ಲಿ ಬೆಳಕು ಕೊಡುತ್ತದೆ. ಅವರು ಹೇಳುವ ನಾಲ್ಕು ಶಿಕ್ಷಾವ್ರತಗಳಲ್ಲಿ ಮೊದಲನೆಯದು ದೇಶಾವಕಾಶಿಕ, ಕೊನೆಯದು ವೈಯಾವೃತ್ಯ. ನಡುವೆ ಸಾಮಾಯಿಕವೂ ಪ್ರೋಷಧೋಪವಾಸವೂ ಇವೆ. ತನ್ನ ಮೇರೆಯೊಳಗೆ ನಿಲ್ಲುವುದೂ ಇನ್ನೊಬ್ಬರ ಸೇವೆಗೆ ಮುಂದಾಗುವುದೂ ಒಂದೇ ಗುಂಪಿನ ವ್ರತಗಳು. ಒಂದೇ ಮನುಷ್ಯನು ಎರಡನ್ನೂ ಪಾಲಿಸಬೇಕೆಂಬ ನಿರೀಕ್ಷೆಯಿರುವುದರಿಂದ ಅವು ಪರಸ್ಪರ ವಿರುದ್ಧವಾಗಿರಲಾರವು. ನಿರ್ವಿಚಿಕಿತ್ಸೆಯು ಅಸಹ್ಯವನ್ನು ನಿಷೇಧಿಸುತ್ತದೆ, ಎಚ್ಚರವನ್ನಲ್ಲ. ಉದ್ದಾಯನನು ಮುನಿಯನ್ನು ಮುಟ್ಟಿದ ಕೈಯಿಂದಲೇ ಹಸುಳೆಯೊಂದಕ್ಕೆ ಉಣಿಸಿದನೆಂದು ಕಥೆ ಹೇಳುವುದಿಲ್ಲ. 2020ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಲಘು ಲಕ್ಷಣಗಳ ರೋಗಿಗಳಿಗೆ ಮನೆಯಲ್ಲಿಯೇ ಇರಲು ಅವಕಾಶ ಕೊಟ್ಟಾಗ, ರೋಗಿಗೆ ಹಗಲಿರುಳು ನೋಡಿಕೊಳ್ಳುವ ಒಬ್ಬ ಆರೈಕೆದಾರನಿರಬೇಕೆಂಬ ನಿಬಂಧನೆಯನ್ನೂ ಹಾಕಿತು. ಮನೆಯಲ್ಲಿ ಹತ್ತು ಜನರಿದ್ದರೆ ಒಂಬತ್ತು ಜನರು ದೂರವಿರಬೇಕು, ಒಬ್ಬನು ಹತ್ತಿರವಿರಬೇಕು. ಆ ಒಬ್ಬನು ಯಾರೆಂಬುದನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಕುಳಿತು ನಿರ್ಧರಿಸಲಿಲ್ಲ. ಆ ಕೆಲಸವು ತಾನಾಗಿ ಸೊಸೆಯ ಪಾಲಿಗೋ ಹೆಂಡತಿಯ ಪಾಲಿಗೋ ಬಂತು. ಉಳಿದ ಒಂಬತ್ತು ಜನರ ವ್ರತವು ಅವಳೊಬ್ಬಳ ಮೇಲೆ ನಿಂತಿತ್ತು.

ವೈಯಾವೃತ್ಯವನ್ನು ವಿವರಿಸುವಾಗ ಸಮಂತಭದ್ರರು ಆಹಾರ, ಔಷಧ, ಉಪಕರಣ, ಆವಾಸ ಎಂದು ದಾನವನ್ನು ನಾಲ್ಕಾಗಿ ಎಣಿಸುತ್ತಾರೆ. ನಾಲ್ಕನೆಯದು ವಸತಿ. ಬಸದಿಗಳ ವಿಶ್ವಸ್ತ ಮಂಡಳಿಗಳು ಇದನ್ನು ಮತ್ತೆ ಓದಬೇಕಾಗಿದೆ. ಮಾಳಿಗೆ, ಅಟ್ಟ, ಬೇರೆ ಬಚ್ಚಲುಮನೆ ಇರುವ ತೋಟದ ಮನೆಯವನಿಗೆ ಪ್ರತ್ಯೇಕವಾಸ ಸುಲಭ. ಅದೇ ಕಣಿವೆಯ ಕೂಲಿಕಾರನ ಮನೆಯಲ್ಲಿ ಒಂದೇ ಕೋಣೆ. ಅಲ್ಲಿ ಆರು ಜನ. ಅವನಿಗೆ ಬೇರೆಯಿರೆಂದು ಉಪದೇಶಿಸುವುದು ಹಸಿದವನಿಗೆ ಉಪವಾಸವನ್ನು ಬೋಧಿಸಿದಂತೆ. ಕ್ಷೇತ್ರಗಳಲ್ಲಿ ಯಾತ್ರಿಕರಿಗಾಗಿ ಕಟ್ಟಿಸಿದ ಛತ್ರಗಳು 2020ರಲ್ಲಿ ಯಾತ್ರಿಕರಿಲ್ಲದೆ ತಿಂಗಳುಗಟ್ಟಲೆ ಬರಿದಾಗಿದ್ದವು. ಎಲ್ಲಿ ಆ ಕೋಣೆಗಳ ಬೀಗ ತೆಗೆದು ಒಳಗೆ ಕರೆದರೋ ಅಲ್ಲಿ ಆವಾಸದಾನ ನಡೆಯಿತು. ಎಲ್ಲಿ ಸ್ವಚ್ಛತೆಯ, ಜಾತಿಯ, ನಿಯಮಾವಳಿಯ ನೆಪಗಳು ಬಂದವೋ ಅಲ್ಲಿ ಬೀಗ ಉಳಿಯಿತು.

ಬಸದಿಯ ಬಾಗಿಲಿನ ಮಾತೂ ಇದೆ. 2020ರ ಆಗಸ್ಟಿನಲ್ಲಿ ಪರ್ಯೂಷಣದ ಕೊನೆಯ ಎರಡು ದಿನಗಳಿಗೆ ಮುಂಬಯಿಯ ದಾದರ್, ಬೈಕುಲ್ಲಾ, ಚೆಂಬೂರುಗಳ ಮೂರು ಜೈನ ಮಂದಿರಗಳನ್ನು ನಿಬಂಧನೆಗಳೊಡನೆ ತೆರೆಯಲು ಸುಪ್ರೀಂ ಕೋರ್ಟು ಅನುಮತಿ ಕೊಟ್ಟಿತು. ನ್ಯಾಯಾಲಯವು ಅನುಮತಿಸಿದ್ದನ್ನು ಸಮಾಜವು ಗೆಲುವೆಂದು ಕೊಂಡಾಡಿತು. ಅನುಮತಿಯಿದ್ದರೂ ಹೋಗದೆ ಮನೆಯಲ್ಲಿಯೇ ಸಾಮಾಯಿಕ ಮಾಡಿದವನನ್ನು ಯಾರೂ ಕೊಂಡಾಡಲಿಲ್ಲ. ಇಂದ್ರರೊಬ್ಬರೇ ನಿತ್ಯಾಭಿಷೇಕವನ್ನು ನಡೆಸಿ ಉಳಿದವರು ಮನೆಯಲ್ಲಿ ಜಪ ಮಾಡಿದರೆ ಜಿನಪೂಜೆಗೆ ಯಾವ ಲೋಪವೂ ಇಲ್ಲ; ತೀರ್ಥಂಕರರಿಗೆ ಭಕ್ತರ ಸಂಖ್ಯೆಯಿಂದ ಆಗಬೇಕಾದದ್ದೇನೂ ಇಲ್ಲ. ಲೋಪವಾಗುವುದು ಸಂಘಕ್ಕೆ. ಒಬ್ಬರ ಮುಖವನ್ನೊಬ್ಬರು ನೋಡದೆ ಕ್ಷಮಾವಣಿಯನ್ನು ಹೇಳಿಕೊಳ್ಳುವಾಗ ಅದು ಅರಿವಿಗೆ ಬಂದಿತು.

ಅರಬೈಲಿನ ಆ ಮನೆಯಲ್ಲಿ ಒಂಬತ್ತನೆಯ ದಿನ ತಾಯಿಗೆ ಜ್ವರ ಬಂತೆನ್ನೋಣ. ಮಗನು ಮಾಳಿಗೆಯಿಂದ ಇಳಿಯಬೇಕೇ? ಪಟ್ಟಣದ ಆಸ್ಪತ್ರೆ ದೂರ, ಮಳೆಯಲ್ಲಿ ದಾರಿ ಕೆಟ್ಟಿದೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಇಂತಹ ಸಂದರ್ಭದಲ್ಲಿ ನಿಯಮವನ್ನು ಹಿಡಿದು ಕುಳಿತವನು ಮೇರೆಯನ್ನು ಉಳಿಸಿಕೊಂಡು, ಮೇರೆ ಯಾರಿಗಾಗಿ ಇತ್ತೋ ಅವಳನ್ನು ಕಳೆದುಕೊಳ್ಳುತ್ತಾನೆ. ಜ್ವರ ಯಾವುದೆಂದು ತಿಳಿಯದು. ಮಲೆನಾಡಿನ ಮಳೆಗಾಲದಲ್ಲಿ ಜ್ವರಗಳಿಗೆ ಬರವಿಲ್ಲ. ಅವನು ಮೂಗು ಬಾಯಿಯನ್ನು ಚೆನ್ನಾಗಿ ಮುಚ್ಚಿಕೊಂಡು, ಕೈ ತೊಳೆದು, ಕಿಟಕಿಗಳನ್ನೆಲ್ಲ ತೆರೆದು ಕೆಳಗಿಳಿಯುತ್ತಾನೆ. ಮೊದಲು ಆಶಾ ಕಾರ್ಯಕರ್ತೆಗೆ ಫೋನು ಮಾಡುತ್ತಾನೆ, ಆಮೇಲೆ ಕೊನೆಗೌಡನಿಗೆ, ನಾಳೆ ಬರಬೇಡವೆಂದು. ತೋಟಕ್ಕೆ ಎರಡನೆಯ ಸಲ ಮದ್ದು ಬಿದ್ದಿರುವುದಿಲ್ಲ. ಆ ವರ್ಷ ಕೊಳೆ ಎಷ್ಟು ಮರಗಳಿಗೆ ತಗುಲುವುದೆಂದು ಅವನು ಲೆಕ್ಕ ಹಾಕುವುದು ತಾಯಿಯ ಹಣೆಯ ಮೇಲೆ ಒದ್ದೆ ಬಟ್ಟೆಯನ್ನು ಇಟ್ಟಾದ ಮೇಲೆ.